ಒಂದೇ ಕೈಯಲ್ಲಿ ಹಕ್ಕಿ ಛಾಯಾಗ್ರಹಣ: ಬಲತೋಳಿನ ನರಜಾಲಕ್ಕೆ ಪೆಟ್ಟಾದವರೊಬ್ಬರ ಪ್ರಕರಣ ಅಧ್ಯಯನ

ಗಾಯ ಮತ್ತು ಅದರ ಪರಿಣಾಮ

ಈ ಪ್ರಕರಣದ ವ್ಯಕ್ತಿ ನಲವತ್ತು ದಾಟಿದ ಗಂಡಸು. ಎಲ್ಲ ಕೆಲಸಕ್ಕೂ ಬಲಗೈಯನ್ನೇ ಮುಂದುಮಾಡುತ್ತಿದ್ದ ಇವರಿಗೆ ಬೈಕಿನಿಂದ ಬಿದ್ದು ಬಲತೋಳಿನ ನರಜಾಲಕ್ಕೆ, ಅಂದರೆ ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುವ ಭಾಗಕ್ಕೆ, ತೀವ್ರವಾದ ಪೆಟ್ಟಾಯಿತು. ಇಂಥ ಗಾಯವಾದ ಹಲವರಲ್ಲಿ ಮರಳಿ ಮರಳಿ ಕಾಣುವ ಸಂಗತಿಗಳನ್ನು ಕೂಡಿಸಿ ಒಬ್ಬರ ಪ್ರಕರಣವಾಗಿ ಬರೆದಿರುವುದರಿಂದ ಇಲ್ಲಿ ಹೆಸರನ್ನಾಗಲಿ ಊರನ್ನಾಗಲಿ ಕೊಟ್ಟಿಲ್ಲ. ಗಾಯಕ್ಕೆ ಮುಂಚೆ ಇವರಿಗೆ ಎರಡು ಹವ್ಯಾಸಗಳಿದ್ದವು. ಮೊದಲನೆಯದು ಉದ್ದನೆಯ ಟೆಲಿಫೋಟೊ ಲೆನ್ಸ್ ಹಿಡಿದು ಹಕ್ಕಿಗಳ ಚಿತ್ರ ತೆಗೆಯುವುದು, ಎರಡನೆಯದು ಬಿಡುವಿನಲ್ಲಿ ಮರದಲ್ಲಿ ಸಣ್ಣಪುಟ್ಟ ಕೆತ್ತನೆ ಮಾಡುವುದು. ಮೊದಲನೆಯದು ರೂಪ ಬದಲಿಸಿಕೊಂಡು ಮರಳಿ ಬಂದಿತು. ಎರಡನೆಯದು ಹೆಚ್ಚುಕಡಿಮೆ ಕೈಬಿಟ್ಟೇಹೋಯಿತು. ಈ ಎರಡು ಫಲಿತಗಳು ಬೇರೆಬೇರೆಯಾದದ್ದು ಏಕೆ ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ತೋಳಿಗೆ ಚಲನೆಯನ್ನೂ ಸ್ಪರ್ಶವನ್ನೂ ಒದಗಿಸುವ ಐದು ನರಬೇರುಗಳು (ಸಿ5, ಸಿ6, ಸಿ7, ಸಿ8 ಮತ್ತು ಟಿ1) ಕುತ್ತಿಗೆಯ ಬುಡದಲ್ಲಿ ಬೆನ್ನುಹುರಿಯಿಂದ ಹೊರಡುತ್ತವೆ. ಬೀಳುವ ರಭಸದಲ್ಲಿ ತಲೆ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ಸೆಳೆಯಲ್ಪಟ್ಟಾಗ ಈ ಬೇರುಗಳು ಹಿಗ್ಗುತ್ತವೆ, ಹರಿಯುತ್ತವೆ ಅಥವಾ ಬೆನ್ನುಹುರಿಯಿಂದಲೇ ಕಿತ್ತುಬರುತ್ತವೆ. ಕಿತ್ತುಬಂದ ಬೇರು ತಾನಾಗಿ ಕೂಡಿಕೊಳ್ಳುವುದಿಲ್ಲ. ಅಂಥ ಸಂದರ್ಭದಲ್ಲಿ ಶಸ್ತ್ರಚಿಕಿತ್ಸಕರು ಬೇರೆಡೆಯ ಕೆಲಸ ಮಾಡುವ ನರವನ್ನು ತಂದು ತೋಳಿನ ಸ್ನಾಯುವಿಗೆ ಜೋಡಿಸುತ್ತಾರೆ. ಇವರಿಗೆ ಪಕ್ಕೆಲುಬುಗಳ ನಡುವಿನ ನರಗಳನ್ನು ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ಜೋಡಿಸಲಾಯಿತು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರವಾದ್ದರಿಂದ ಫಲ ಕಾಣಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಕಡೆಗೆ ದಕ್ಕಿದ್ದು ಇಷ್ಟು: ಮೊಣಕೈಯನ್ನು ಗುರುತ್ವಕ್ಕೆ ಎದುರಾಗಿ ಮಡಿಸಬಲ್ಲರು, ಆದರೆ ಅದರ ಮೇಲೆ ಭಾರ ಹೊರಲಾರರು, ಭುಜದಲ್ಲಿ ಅಲ್ಪಸ್ವಲ್ಪ ಹಿಡಿತವಿದೆ, ಮಣಿಕಟ್ಟು ಮತ್ತು ಬೆರಳುಗಳಲ್ಲಿ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ.

ಹವ್ಯಾಸದ ದೃಷ್ಟಿಯಿಂದ ಇನ್ನೆರಡು ಸಂಗತಿಗಳು ಮುಖ್ಯವಾದವು. ಪಕ್ಕೆಲುಬಿನ ನರದಿಂದ ಚಾಲನೆ ಪಡೆದ ಮೊಣಕೈ ಉಸಿರಿಗೆ ಕಟ್ಟುಬಿದ್ದಿರುತ್ತದೆ. ಆಳವಾಗಿ ಉಸಿರೆಳೆದುಕೊಂಡಾಗ, ಕೆಮ್ಮಿದಾಗ, ಸೀನಿದಾಗ ತೋಳು ತಾನಾಗಿಯೇ ಮಡಿಯುತ್ತದೆ. ಅಭ್ಯಾಸದಿಂದ ಉಸಿರನ್ನೂ ಮೊಣಕೈಯ ಚಲನೆಯನ್ನೂ ಬಹುಮಟ್ಟಿಗೆ ಬಿಡಿಸಿಕೊಳ್ಳಬಹುದಾದರೂ ಮೊದಲ ಹಂತದಲ್ಲಿ ಅದು ಸಾಧ್ಯವಾಗುವುದಿಲ್ಲ. ಎರಡನೆಯದು ನೋವು. ಬೇರು ಕಿತ್ತುಬಂದ ಗಾಯದಲ್ಲಿ ಸ್ಪರ್ಶವೇ ಇಲ್ಲದ ಕೈಯಲ್ಲಿ ಸದಾ ಉರಿಯುವ, ಹಿಂಡುವ ನೋವಿರುತ್ತದೆ, ನಡುನಡುವೆ ಮಿಂಚು ಹೊಡೆದಂಥ ಸೆಳೆತ ಬಂದುಹೋಗುತ್ತದೆ. ಸಾಮಾನ್ಯ ನೋವುನಿವಾರಕಗಳು ಇದಕ್ಕೆ ಅಷ್ಟಾಗಿ ತಾಗುವುದಿಲ್ಲ. ನರದ ನೋವಿಗೆಂದೇ ಇರುವ ಔಷಧಗಳು ಸ್ವಲ್ಪ ತಗ್ಗಿಸುತ್ತವೆ. ಮನಸ್ಸು ಪೂರ್ತಿಯಾಗಿ ಒಂದು ಕೆಲಸದಲ್ಲಿ ತೊಡಗಿದಾಗ ಈ ನೋವು ಹಿಂದೆ ಸರಿಯುತ್ತದೆ ಎಂದು ಇಂಥ ರೋಗಿಗಳನ್ನು ನೋಡುವ ವೈದ್ಯರು ಬಹಳ ಕಾಲದಿಂದ ಗಮನಿಸಿದ್ದಾರೆ. ಆದ್ದರಿಂದ ಇವರ ಪಾಲಿಗೆ ಹವ್ಯಾಸವೆಂಬುದು ಚಿಕಿತ್ಸೆಯೆಲ್ಲ ಮುಗಿದ ಮೇಲೆ ನೋಡಿಕೊಳ್ಳಬಹುದಾದ ಸಂಗತಿಯಾಗಿರಲಿಲ್ಲ.

ಬದಲಿ ಹವ್ಯಾಸದ ಸಲಹೆ

ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮನೆಯವರು ಕ್ಯಾಮೆರಾವನ್ನೂ ಉಳಿಗಳನ್ನೂ ಕಣ್ಣಿಗೆ ಬೀಳದ ಕಡೆ ಎತ್ತಿಟ್ಟಿದ್ದರು. ನೆಂಟರು, ಸ್ನೇಹಿತರು ಒಬ್ಬೊಬ್ಬರಾಗಿ ಒಂದೇ ಕೈಯಲ್ಲಿ ಆಗುವಂಥ, ಅಥವಾ ಕೈಯೇ ಬೇಡವಾದಂಥ ಕಾಲಕ್ಷೇಪಗಳನ್ನು ಸೂಚಿಸಿದರು: ಸಂಗೀತ ಕೇಳುವುದು, ಧ್ವನಿಪುಸ್ತಕ ಕೇಳುವುದು, ಮೊಬೈಲಿನಲ್ಲಿ ಚದುರಂಗ ಆಡುವುದು. ಇವುಗಳಲ್ಲಿ ಯಾವುದೂ ಕೆಟ್ಟ ಸಲಹೆಯಲ್ಲ, ಎಲ್ಲವೂ ಅಕ್ಕರೆಯಿಂದ ಬಂದವೇ. ಆದರೆ ಹವ್ಯಾಸವೆಂದರೆ ಹೊತ್ತು ಕಳೆಯುವ ದಾರಿ, ಹೊತ್ತು ಯಾವುದರಿಂದ ಕಳೆದರೇನು ಎಂಬ ಊಹೆ ಅವೆಲ್ಲದರ ತಳದಲ್ಲಿತ್ತು. ಹಕ್ಕಿಯೊಂದರ ಹಿಂದೆ ವರ್ಷಗಟ್ಟಲೆ ಅಲೆದವರಿಗೆ ಆ ಊಹೆ ಒಪ್ಪಿಗೆಯಾಗುವುದಿಲ್ಲ. ಇವರೂ ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ. ಸಲಹೆಗಳನ್ನು ಕೇಳಿ ಸುಮ್ಮನಿದ್ದುಬಿಟ್ಟರು. ಆ ಮೌನವನ್ನು ಮನೆಯವರು ಖಿನ್ನತೆ ಎಂದು ತಿಳಿದರು. ಖಿನ್ನತೆಯೂ ಇದ್ದಿರಬಹುದು, ಆದರೆ ಮುಖ್ಯವಾಗಿ ಅದು ಭಿನ್ನಾಭಿಪ್ರಾಯವಾಗಿತ್ತು.

ತಿರುವು ಬಂದದ್ದು ಆಕ್ಯುಪೇಷನಲ್ ಥೆರಪಿಯಲ್ಲಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ನೆರವಾಗುವ ಚಿಕಿತ್ಸೆಯಲ್ಲಿ. ಆ ಕ್ಷೇತ್ರದಲ್ಲಿ 1991ರಿಂದ ಬಳಕೆಯಲ್ಲಿರುವ ಒಂದು ಕೆನಡಾದ ಮಾಪನದಲ್ಲಿ ಸ್ವಂತ ಆರೈಕೆ, ದುಡಿಮೆ, ಬಿಡುವಿನ ಚಟುವಟಿಕೆ ಎಂಬ ಮೂರು ವಲಯಗಳಲ್ಲಿ ತನಗೆ ತೊಡಕಾಗಿರುವ ಕೆಲಸಗಳನ್ನು ರೋಗಿಯೇ ಹೆಸರಿಸಬೇಕು, ಪ್ರತಿಯೊಂದರ ಮಹತ್ವಕ್ಕೆ 1ರಿಂದ 10ರೊಳಗೆ ಅಂಕ ಕೊಡಬೇಕು. ಅನಂತರ ಆರಿಸಿಕೊಂಡ ಕೆಲಸಗಳನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು ಬೇರೆಬೇರೆಯಾಗಿ ಅಳೆಯಬೇಕು. ಗುಂಡಿ ಹಾಕಿಕೊಳ್ಳುವುದು, ಸಹಿ ಮಾಡುವುದು ಮುಂತಾದವುಗಳ ಜೊತೆಗೆ ಇವರು ಛಾಯಾಗ್ರಹಣವನ್ನು ಅತಿ ಮಹತ್ವದ್ದೆಂದು ಹೇಳಿದರು. ಬಿಡುವಿನ ಚಟುವಟಿಕೆಯನ್ನು ಊಟ, ಸ್ನಾನ, ಉಡುಪಿನಷ್ಟೇ ಗಂಭೀರವಾಗಿ ಕೇಳುವ ಪ್ರಶ್ನಾವಳಿ ಇರುವುದೇ ಹಲವರಿಗೆ ಗೊತ್ತಿಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯೂ ಸಾಂಸ್ಕೃತಿಕ ಜೀವನ, ಮನರಂಜನೆ, ವಿರಾಮ ಮತ್ತು ಕ್ರೀಡೆಯಲ್ಲಿ ಪಾಲ್ಗೊಳ್ಳುವುದನ್ನು ಹಕ್ಕಿನ ಸಾಲಿನಲ್ಲೇ ಇರಿಸಿದೆ.

ಹಿಡಿಯುವುದು ಬೇರೆ, ನಡೆಸುವುದು ಬೇರೆ

ಥೆರಪಿಸ್ಟ್ ಮೊದಲು ಮಾಡಿದ್ದು ಯಾವ ಸಾಧನವನ್ನೂ ಸೂಚಿಸದೆ, ಹಕ್ಕಿಯ ಒಂದು ಚಿತ್ರ ತೆಗೆಯುವಾಗ ಎರಡು ಕೈಗಳೂ ಏನೇನು ಮಾಡುತ್ತವೆ ಎಂದು ಒಂದೊಂದಾಗಿ ಹೇಳಿಸಿ ಬರೆದುಕೊಂಡದ್ದು. ಎಡಗೈ ಲೆನ್ಸಿನ ಅಡಿಯಲ್ಲಿದ್ದು ಭಾರ ಹೊರುತ್ತದೆ, ಜೂಮ್ ತಿರುಗಿಸುತ್ತದೆ. ಬಲಗೈ ಹಿಡಿಕೆಯನ್ನು ಹಿಡಿದು ಕ್ಯಾಮೆರಾವನ್ನು ಹಕ್ಕಿಯ ಕಡೆ ತಿರುಗಿಸುತ್ತದೆ, ಶಟರ್ ಗುಂಡಿಯನ್ನು ಅರ್ಧ ಒತ್ತಿ ಫೋಕಸ್ ಮಾಡಿ ಪೂರ್ತಿ ಒತ್ತಿ ಚಿತ್ರ ತೆಗೆಯುತ್ತದೆ, ಹೆಬ್ಬೆರಳಿನಿಂದ ಡಯಲ್ ತಿರುಗಿಸುತ್ತದೆ. ಈ ಪಟ್ಟಿಯನ್ನು ನೋಡಿದಾಗ ಇವರು ಅದುವರೆಗೆ ಭಾವಿಸಿದ್ದ ತೊಂದರೆಯ ಆಕಾರವೇ ಬದಲಾಯಿತು. ಬಲಗೈ ಬೆರಳಿಲ್ಲದೆ ಗುಂಡಿ ಒತ್ತುವುದು ಹೇಗೆ ಎಂಬುದೇ ಪ್ರಶ್ನೆ ಎಂದು ಅವರು ತಿಳಿದಿದ್ದರು. ಗುಂಡಿ ಒತ್ತುವುದಕ್ಕೆ ಎಡಗೈಯಲ್ಲೂ ಬೆರಳುಗಳಿವೆ. ಆದರೆ ಎಡಗೈ ಆಗಲೇ ಭಾರ ಹೊರುವ ಕೆಲಸದಲ್ಲಿ ತೊಡಗಿಕೊಂಡಿದೆ. ಒಂದೇ ಕೈ ಉಳಿದವರಿಗೆ ಬಹುತೇಕ ಎಲ್ಲ ಕೆಲಸದಲ್ಲೂ ಎದುರಾಗುವ ತೊಡಕು ಇದೇ: ಎರಡು ಕೈಗಳಲ್ಲಿ ಒಂದು ವಸ್ತುವನ್ನು ಅಲುಗದಂತೆ ಹಿಡಿಯುತ್ತದೆ, ಇನ್ನೊಂದು ಅದನ್ನು ನಡೆಸುತ್ತದೆ, ಮತ್ತು ಈ ಎರಡನ್ನೂ ಒಂದೇ ಕೈಗೆ ಹೊರಿಸಿದರೆ ಎರಡೂ ಕೆಡುತ್ತವೆ. ಆದ್ದರಿಂದ ಹಿಡಿಯುವ ಕೆಲಸವನ್ನು ಕೈಯಿಂದ ಬಿಡಿಸಿ ಬೇರೆ ಯಾವುದಕ್ಕಾದರೂ ಒಪ್ಪಿಸಬೇಕು, ನಡೆಸುವ ಕೆಲಸಕ್ಕೆ ಮಾತ್ರ ಕೈಯನ್ನು ಉಳಿಸಿಕೊಳ್ಳಬೇಕು.

ಈ ಸೂತ್ರ ಹೇಳಲು ಸುಲಭ, ಆದರೆ ಇವರು ಅದಕ್ಕೆ ನೇರವಾಗಿ ಬರಲಿಲ್ಲ. ಮೊದಲು ಅವರಿಗೆ ಬೇಕಾಗಿದ್ದದ್ದು ಹಿಂದಿನಂತೆಯೇ ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯುವುದು. ಕ್ಯಾಮೆರಾವನ್ನು ತಲೆಕೆಳಗು ಮಾಡಿದರೆ ಬಲಬದಿಯ ಹಿಡಿಕೆ ಎಡಕ್ಕೆ ಬರುತ್ತದೆ. ಹಾಗೆ ತಿರುಗಿಸಿದರೂ ವ್ಯೂಫೈಂಡರಿನಲ್ಲಿ ದೃಶ್ಯ ನೆಟ್ಟಗೇ ಕಾಣುತ್ತದೆ, ಏಕೆಂದರೆ ನೋಡುವ ಪರದೆಯೂ ಚಿತ್ರ ದಾಖಲಿಸುವ ಸಂವೇದಕವೂ ಒಟ್ಟಿಗೇ ತಿರುಗಿರುತ್ತವೆ. ತಲೆಕೆಳಗಾಗುವುದು ಪರದೆಯ ಅಂಚಿನ ಅಂಕಿಗಳು ಮತ್ತು ದಾಖಲಾದ ಚಿತ್ರ ಮಾತ್ರ, ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿರುಗಿಸಿಕೊಳ್ಳಬಹುದು. ತೊಂದರೆಯಾದದ್ದು ಶಟರ್ ಗುಂಡಿಯಲ್ಲಿ. ಅದು ಕೆಳಗೆ, ಕಿರುಬೆರಳಿನ ಬಳಿಗೆ ಹೋಗುತ್ತದೆ, ಅರ್ಧ ಒತ್ತಿ ತಡೆಯುವ ನಾಜೂಕು ಕಿರುಬೆರಳಿಗಿಲ್ಲ. ಬುಡಕ್ಕೆ ಲಂಬ ಹಿಡಿಕೆಯನ್ನು ಜೋಡಿಸಿದರೆ ಅದರಲ್ಲಿರುವ ಎರಡನೆಯ ಶಟರ್ ಗುಂಡಿ ಕ್ಯಾಮೆರಾ ತಲೆಕೆಳಗಾದಾಗ ಎಡ ಮೇಲ್ಮೂಲೆಗೆ, ತೋರುಬೆರಳಿನ ಅಳವಿಗೆ ಬರುತ್ತದೆ. ಚಿಕ್ಕ ಲೆನ್ಸಿಗೆ ಈ ಉಪಾಯ ಒದಗಿತು, ಮನೆಯೊಳಗಿನ ಚಿತ್ರಗಳಿಗೆ ಇವರು ಈಗಲೂ ಅದನ್ನೇ ಬಳಸುತ್ತಾರೆ. ಆದರೆ ಸುಮಾರು 2 ಕಿಲೋ ತೂಗುವ 150–600 ಮಿ.ಮೀ. ಜೂಮ್ ಲೆನ್ಸನ್ನು ಹೀಗೆ ಒಂದೇ ಕೈಯಲ್ಲಿ ಎತ್ತಿಹಿಡಿಯುವುದು ಆರೋಗ್ಯವಂತ ಕೈಗೂ ಆಗದ ಮಾತು.

ಕ್ಯಾಮೆರಾಗಳು ಬಲಗೈಯವರಿಗಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಇಹಾಗೆ ಕಂಪನಿ 1936ರಲ್ಲಿ ಹೊರತಂದ ಕಿನೆ ಎಕ್ಸಾಕ್ಟಾ ಎಂಬ 35 ಮಿ.ಮೀ. ಫಿಲ್ಮಿನ ಕ್ಯಾಮೆರಾದಲ್ಲಿ ಶಟರ್ ಗುಂಡಿಯೂ ಫಿಲ್ಮ್ ಮುಂದೆ ಸರಿಸುವ ಸನ್ನೆಯೂ ಎಡಗಡೆಗೇ ಇದ್ದವು. ಆ ವಿನ್ಯಾಸ ಮುಂದುವರಿಯಲಿಲ್ಲ. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಗುಂಡಿಗಳೆಲ್ಲ ಬಲಕ್ಕೆ ಸೇರಿಕೊಂಡಿರುವುದು ರೂಢಿಯ ಫಲವೇ ಹೊರತು ಯಂತ್ರದ ಅನಿವಾರ್ಯತೆಯಲ್ಲ.

ಕಡೆಗೆ ನೆಲೆಗೊಂಡ ವ್ಯವಸ್ಥೆ ಹೀಗಿದೆ. ಭಾರ ಹೊರುವುದು ಟ್ರೈಪಾಡ್, ಅದರ ಮೇಲೆ ಲೆನ್ಸನ್ನು ತೂಗುಹಾಕಿದಂತೆ ಹಿಡಿಯುವ ಗಿಂಬಲ್ ಹೆಡ್. ಲೆನ್ಸಿನ ಪಾದವನ್ನು (ಟ್ರೈಪಾಡಿಗೆ ಕೂರಿಸುವ ಅಡಿಭಾಗವನ್ನು) ಹಿಂದೆ ಮುಂದೆ ಸರಿಸಿ ತೂಕದ ನಡುಬಿಂದುವನ್ನು ಒಮ್ಮೆ ಸರಿಹೊಂದಿಸಿದರೆ ಲೆನ್ಸ್ ಯಾವ ಕೋನದಲ್ಲಿ ಬಿಟ್ಟರೂ ಅಲ್ಲಿಯೇ ನಿಲ್ಲುತ್ತದೆ, ಎರಡು ಬೆರಳಿನ ಒತ್ತಡಕ್ಕೆ ತಿರುಗುತ್ತದೆ. ಲೆನ್ಸಿನ ಪಾದಕ್ಕೆ ವಿಡಿಯೊ ಟ್ರೈಪಾಡುಗಳಲ್ಲಿರುವಂಥ ಹಿಡಿಕೋಲೊಂದನ್ನು ಎಡಬದಿಗೆ ಬರುವಂತೆ ಜೋಡಿಸಿ, ಅದರ ತುದಿಗೆ ತಂತಿಯ ರಿಮೋಟನ್ನು ವೆಲ್ಕ್ರೋ ಪಟ್ಟಿಯಿಂದ ಬಿಗಿಯಲಾಗಿದೆ. ಎಡಗೈ ಕೋಲನ್ನು ಹಿಡಿದು ಹಕ್ಕಿಯನ್ನು ಹಿಂಬಾಲಿಸುತ್ತದೆ, ಅದೇ ಕೈಯ ಹೆಬ್ಬೆರಳು ಅರ್ಧ ಒತ್ತಿ ಫೋಕಸ್ ಮಾಡಿ ಪೂರ್ತಿ ಒತ್ತಿ ಚಿತ್ರ ತೆಗೆಯುತ್ತದೆ. ತಂತಿಯ ರಿಮೋಟಿನೊಳಗೆ ಸಾಮಾನ್ಯವಾಗಿ ಇರುವುದು ಎರಡೇ ಸಂಪರ್ಕಗಳು, ಫೋಕಸಿಗೊಂದು, ಶಟರಿಗೊಂದು; ಅವುಗಳನ್ನು ಮೂರನೆಯ ತಂತಿಗೆ ಮುಟ್ಟಿಸಿದರೆ ಕೆಲಸವಾಗುತ್ತದೆ. ಆದ್ದರಿಂದ ಕೈ ಪೂರ್ತಿಯಾಗಿ ಹೋದವರಿಗೆ ಕಾಲಿನ ಪೆಡಲನ್ನಾಗಲಿ ಗಲ್ಲದಿಂದ ಒತ್ತುವ ಸ್ವಿಚ್ಚನ್ನಾಗಲಿ ಜೋಡಿಸುವುದು ಎಲೆಕ್ಟ್ರಾನಿಕ್ ಕೆಲಸ ಬಲ್ಲ ಯಾರಿಗೂ ಕಷ್ಟವಲ್ಲ. ಇವರೂ ಪೆಡಲನ್ನು ಪ್ರಯತ್ನಿಸಿದರು. ಹಕ್ಕಿಗೆ ಕಾಣದಂತೆ ಅಡಗುವ ಮರೆಗೂಡಿನಲ್ಲಿ ಕುರ್ಚಿ ಹಾಕಿ ಕುಳಿತಾಗ ಅದು ಚೆನ್ನಾಗಿತ್ತು. ಹುಲ್ಲಿನ ಮೇಲೆ ನಿಂತಾಗ ಪಾದಕ್ಕೆ ಸಿಗದೆ ಜಾರಿಹೋಗುತ್ತಿತ್ತು.

ಡಯಲ್ ತಿರುಗಿಸುವ ಕೆಲಸವನ್ನು ಆದಷ್ಟು ಕ್ಯಾಮೆರಾಕ್ಕೇ ಬಿಡಲಾಯಿತು. ಶಟರ್ ವೇಗ ಮತ್ತು ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಸ್ಥಿರವಾಗಿಟ್ಟು ಐಎಸ್ಒ, ಅಂದರೆ ಬೆಳಕಿಗೆ ಸಂವೇದಕದ ಸೂಕ್ಷ್ಮತೆ, ತಾನಾಗಿ ಹೊಂದಿಕೊಳ್ಳುವಂತೆ ಮಾಡಿ, ಕುಳಿತ ಹಕ್ಕಿಗೆ ಸೆಕೆಂಡಿನ 1/500 ಭಾಗ, ಹಾರುವ ಹಕ್ಕಿಗೆ 1/2000 ಭಾಗ ಎಂದು ಎರಡು ಜೋಡಣೆಗಳನ್ನು ಕ್ಯಾಮೆರಾದ ನೆನಪಿನಲ್ಲಿ ಉಳಿಸಿದರು. ಬೆಳಕಿನ ಸಣ್ಣ ತಿದ್ದುಪಡಿಯನ್ನು ಲೆನ್ಸಿನ ಮೇಲಿನ ನಿಯಂತ್ರಣ ಉಂಗುರಕ್ಕೆ ವಹಿಸಿದರು, ಅದು ಎಡಗೈಗೆ ಸಿಗುತ್ತದೆ. ಹಕ್ಕಿಯ ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಆಟೊಫೋಕಸ್, ಗುಂಡಿ ಪೂರ್ತಿ ಒತ್ತುವುದಕ್ಕಿಂತ ಒಂದರ್ಧ ಸೆಕೆಂಡ್ ಮುಂಚಿನ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯ ಇವೆರಡೂ ಕೈಯ ನಿಧಾನವನ್ನು ತುಂಬಿಕೊಟ್ಟವು. ಇಂಥ ಸೌಲಭ್ಯಗಳನ್ನು ಆಲಸ್ಯದ ಸಾಧನಗಳೆಂದು ಹಳೆಯ ಛಾಯಾಗ್ರಾಹಕರು ಹಗುರವಾಗಿ ಕಾಣುವುದುಂಟು. ಅಪಘಾತಕ್ಕೆ ಮುಂಚೆ ಇವರ ಅಭಿಪ್ರಾಯವೂ ಅದೇ ಆಗಿತ್ತಂತೆ.

ಬಯಲಿನಲ್ಲಿ ಎದುರಾದವು

ಕ್ಯಾಮೆರಾ ಹಿಡಿಯುವ ಸಮಸ್ಯೆ ಬಗೆಹರಿದ ಮೇಲೆ ಕಾಡಿದ್ದು ಅದರ ಮುಂಚಿನ ಮತ್ತು ಅನಂತರದ ಕೆಲಸಗಳು. ಟ್ರೈಪಾಡಿನ ಕಾಲು ಬಿಡಿಸಲು ತಿರುಚುವ ಬಿಗಿಗಿಂತ ಹೆಬ್ಬೆರಳಿನಿಂದ ತೆರೆಯುವ ಬಿಗಿ ಅನುಕೂಲ. ಕಾಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಒಂದೊಂದೇ ತೆರೆಯಬಹುದು. ಲೆನ್ಸನ್ನು ಕೂರಿಸುವ ಕ್ಲಾಂಪಿನಲ್ಲಿ ಇದು ತಿರುವುಮುರುವಾಯಿತು. ಸನ್ನೆ ಒತ್ತಿ ಬಿಗಿಯುವ ಕ್ಲಾಂಪ್ ಒಂದು ಕೈಗೆ ಸುಲಭವಾದರೂ ಅಕಸ್ಮಾತ್ತಾಗಿ ತೆರೆದುಕೊಂಡರೆ ಬೀಳುವ ಲೆನ್ಸನ್ನು ಹಿಡಿಯಲು ಎರಡನೆಯ ಕೈ ಇಲ್ಲ, ಹೀಗಾಗಿ ಇವರು ನಿಧಾನವಾದರೂ ತಿರುಪಿನ ಕ್ಲಾಂಪನ್ನೇ ಉಳಿಸಿಕೊಂಡರು. ಬಯಲಿನಲ್ಲಿ ಲೆನ್ಸ್ ಬದಲಿಸುವುದನ್ನು ಪೂರ್ತಿಯಾಗಿ ಬಿಟ್ಟರು.

ಕುತ್ತಿಗೆಗೆ ನೇತುಹಾಕುವ ಪಟ್ಟಿ ಪೆಟ್ಟಾದ ಭುಜವನ್ನು ಕೆಳಕ್ಕೆಳೆಯುತ್ತಿತ್ತು. ಸ್ನಾಯುಬಲ ಕಳೆದುಕೊಂಡ ಭುಜದ ಕೀಲು ತೋಳಿನ ತೂಕಕ್ಕೇ ಕೆಳಜಾರುವುದರಿಂದ ಅದರ ಮೇಲೆ ಇನ್ನಷ್ಟು ಭಾರ ಹಾಕುವಂತಿಲ್ಲ. ಭಾರವನ್ನು ಸೊಂಟದ ಪಟ್ಟಿಗೆ ದಾಟಿಸುವ ಚೀಲ ಬಂದ ಮೇಲೆ ನಡೆದಾಡುವುದು ಸಾಧ್ಯವಾಯಿತು, ಆದರೂ ಟ್ರೈಪಾಡ್ ಹೊತ್ತು ಹಿಂದಿನಷ್ಟು ದೂರ ಹೋಗಲಾಗುವುದಿಲ್ಲ. ಬಲಗೈಯನ್ನು ಎದೆಗೆ ಕಟ್ಟುವ ಜೋಲಿಯೂ ವ್ಯೂಫೈಂಡರಿಗೆ ಮುಖ ಒಡ್ಡುವಾಗ ಅಡ್ಡ ಬರುತ್ತಿತ್ತು. ಈಗ ಮೊಣಕೈಯನ್ನು ಮಡಿಸಿ ಮುಂಗೈಯನ್ನು ಸೊಂಟದ ಚೀಲದ ಮೇಲೆ ಇಟ್ಟುಕೊಳ್ಳುತ್ತಾರೆ. ಸ್ಪರ್ಶವಿಲ್ಲದ ಆ ಕೈ ಬಿಸಿಲಿಗೆ ಕಾದ ಲೋಹಕ್ಕೆ ತಗಲಿದರೂ ಮುಳ್ಳಿಗೆ ಸಿಕ್ಕಿದರೂ ತಿಳಿಯುವುದಿಲ್ಲವಾದ್ದರಿಂದ ಉದ್ದ ತೋಳಿನ ಅಂಗಿ, ಕೈಗವಸು, ಮರಳಿದ ಮೇಲೆ ಕಣ್ಣಿನಿಂದಲೇ ಕೈಯನ್ನು ಪರೀಕ್ಷಿಸುವುದು ಕಡ್ಡಾಯ. ಚಳಿಯಲ್ಲಿ ನರದ ನೋವು ಹೆಚ್ಚುವುದರಿಂದಲೂ ಗವಸು ಬೇಕಾಯಿತು. ಹಕ್ಕಿಗಳು ಚುರುಕಾಗಿರುವ ಬೆಳಗಿನ ಜಾವವೇ ಚಳಿ ಹೆಚ್ಚಿರುವ ಹೊತ್ತು.

ಉಸಿರಿನ ವಿಷಯ ಯಾರೂ ನಿರೀಕ್ಷಿಸದ ರೀತಿಯಲ್ಲಿ ಎದುರಾಯಿತು. ಶಟರ್ ಒತ್ತುವ ಮುನ್ನ ಉಸಿರೆಳೆದು ಬಿಗಿಹಿಡಿಯುವುದು ಛಾಯಾಗ್ರಾಹಕರ ಹಳೆಯ ಅಭ್ಯಾಸ. ಇವರು ಹಾಗೆ ಉಸಿರೆಳೆದೊಡನೆ ಬಲಮೊಣಕೈ ಮಡಿದು ಮುಂಗೈ ಮೇಲೆದ್ದು ಟ್ರೈಪಾಡಿಗೆ ಬಡಿಯುತ್ತಿತ್ತು. ಫಿಸಿಯೋಥೆರಪಿಯಲ್ಲಿ ಮೊಣಕೈ ಮಡಿಸಲು ಬೇಕೆಂದೇ ಆಳವಾಗಿ ಉಸಿರೆಳೆಯುವುದನ್ನು ಕಲಿಸಿದ್ದರಿಂದ ಈ ಕಟ್ಟು ಇನ್ನಷ್ಟು ಗಟ್ಟಿಯಾಗಿತ್ತು. ಉಸಿರನ್ನು ಅರ್ಧ ಹೊರಬಿಟ್ಟು ನಿಲ್ಲಿಸಿ ಗುಂಡಿ ಒತ್ತುವುದನ್ನು ಅಭ್ಯಾಸ ಮಾಡಿದ ಮೇಲೆ ಸರಿಹೋಯಿತು. ಇಂಥ ತೊಡಕು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಹವ್ಯಾಸವನ್ನೂ ಗಾಯವನ್ನೂ ಒಟ್ಟಿಗೆ ಬಲ್ಲವರು ಆ ವ್ಯಕ್ತಿ ಒಬ್ಬರೇ ಆದ್ದರಿಂದ ಪರಿಹಾರದ ಬಹುಪಾಲು ಅವರಿಂದಲೇ ಬರಬೇಕಾಗುತ್ತದೆ, ಥೆರಪಿಸ್ಟ್ ಜೊತೆಗೆ ನಿಲ್ಲಬಲ್ಲರು ಅಷ್ಟೆ.

ಚಿತ್ರಗಳ ಸ್ವರೂಪವೂ ಬದಲಾಯಿತು. ಹಿಂದೆ ಇವರು ನಡೆಯುತ್ತ, ಹಕ್ಕಿ ಎದ್ದಾಗ ತಟ್ಟನೆ ಕ್ಯಾಮೆರಾ ಎತ್ತಿ ಹಾರಾಟವನ್ನು ಸೆರೆಹಿಡಿಯುತ್ತಿದ್ದರು. ಟ್ರೈಪಾಡಿನೊಂದಿಗೆ ಅದು ಆಗದು; ತಲೆಯ ಮೇಲೆ ಹಾದುಹೋಗುವ ಹದ್ದು ಈಗ ಅವರ ಪಾಲಿಗಿಲ್ಲ. ಅದರ ಬದಲು ಒಂದೇ ಕಡೆ ಕುಳಿತು ಒಂದೇ ಹಕ್ಕಿಯ ದಿನಚರಿಯನ್ನು ಅಭ್ಯಾಸ ಮಾಡುವ ಛಾಯಾಗ್ರಹಣಕ್ಕೆ ತಿರುಗಿದರು. ಮಿಂಚುಳ್ಳಿ ಮೀನು ಹಿಡಿಯಲು ಒಂದೇ ಕೊಂಬೆಗೆ ಮತ್ತೆ ಮತ್ತೆ ಬಂದು ಕೂರುತ್ತದೆ, ಹಿಡಿದ ಮೀನನ್ನು ಅದೇ ಕೊಂಬೆಗೆ ಬಡಿದು ತಲೆಯ ಕಡೆಯಿಂದ ನುಂಗುತ್ತದೆ. ಕೊಂಬೆಗೆ ಮೊದಲೇ ಫೋಕಸ್ ಮಾಡಿ, ಹೆಬ್ಬೆರಳನ್ನು ಅರ್ಧ ಒತ್ತಿಹಿಡಿದು ಕಾದರೆ ಅದು ನೀರಿಗೆ ಧುಮುಕುವ ಕ್ಷಣ ದಾಖಲಾಗುತ್ತದೆ. ಇದು ಹಿಂದಿನದಕ್ಕಿಂತ ಒಳ್ಳೆಯ ಛಾಯಾಗ್ರಹಣ ಎಂದು ನಾನು ಹೇಳುವುದಿಲ್ಲ, ಅವರೂ ಹೇಳಲಿಲ್ಲ. ಕಳೆದುಹೋದ ಹಾರಾಟದ ಚಿತ್ರಗಳ ಬಗ್ಗೆ ಅವರಿಗೆ ಈಗಲೂ ಬೇಸರವಿದೆ. ಮಾಪನದ ಮರುಪರೀಕ್ಷೆಯಲ್ಲಿ ಮಾತ್ರ ಕಾರ್ಯಕ್ಷಮತೆಗೆ ಕೊಟ್ಟ ಅಂಕಕ್ಕಿಂತ ತೃಪ್ತಿಗೆ ಕೊಟ್ಟ ಅಂಕ ಹೆಚ್ಚಾಗಿತ್ತು. ಕಾಯುತ್ತ ಕುಳಿತ ಹೊತ್ತಿನಲ್ಲಿ ಉರಿ ಹಿನ್ನೆಲೆಗೆ ಸರಿಯುತ್ತದೆಂದೂ ಮನೆಗೆ ಬಂದು ಸುಮ್ಮನೆ ಕುಳಿತಾಗ ಮರಳುತ್ತದೆಂದೂ ಅವರು ಹೇಳಿದರು.

ಕೆತ್ತನೆ

ಮರದ ಕೆತ್ತನೆಗೂ ಅದೇ ಸೂತ್ರವನ್ನು ಅನ್ವಯಿಸಲಾಯಿತು, ಮೇಲ್ನೋಟಕ್ಕೆ ಅದು ಇನ್ನೂ ಸುಲಭವಾಗಬೇಕಿತ್ತು. ಮರದ ತುಂಡನ್ನು ವೈಸಿನಲ್ಲಿ ಬಿಗಿದರೆ ಹಿಡಿಯುವ ಕೆಲಸ ಮುಗಿಯಿತು. ಆದರೆ ಕೊಡತಿಯಿಂದ ಉಳಿಯನ್ನು ಹೊಡೆಯಲು ಮತ್ತೆ ಎರಡು ಕೈ ಬೇಕು, ಉಳಿಯನ್ನು ಯಾವ ಕ್ಲಾಂಪಿಗೂ ಒಪ್ಪಿಸುವಂತಿಲ್ಲ. ಅದರ ಕೋನ ಪ್ರತಿ ಏಟಿಗೂ ಬದಲಾಗಬೇಕು. ಅಂಗೈಯಿಂದ ತಳ್ಳುವ ಗಿಡ್ಡ ಉಳಿಗಳು ಒಂದು ಕೈಗೆ ಒಗ್ಗುತ್ತವೆ, ಅವುಗಳಿಂದ ಮೆದು ಮರದಲ್ಲಿ ತೆಳು ಕೆತ್ತನೆ ಸಾಧ್ಯ. ಇಲ್ಲಿ ಅಡ್ಡಬಂದದ್ದು ಎಡಗೈಯ ಅಪರಿಚಿತತೆ. ಹಿಡಿಕೋಲು ತಿರುಗಿಸುವುದನ್ನು ಎಡಗೈ ಬೇಗ ಕಲಿಯಿತು, ಏಕೆಂದರೆ ತಪ್ಪಿದರೆ ಒಂದು ಚಿತ್ರ ಹಾಳಾಗುತ್ತದೆ ಅಷ್ಟೆ. ಹರಿತವಾದ ಉಳಿ ತಪ್ಪಿದರೆ ಅದರ ದಾರಿಯಲ್ಲಿ ಇರುವುದು ಸ್ಪರ್ಶವಿಲ್ಲದ ಬಲಗೈ, ರಕ್ತ ಕಣ್ಣಿಗೆ ಬೀಳುವವರೆಗೆ ಗಾಯ ತಿಳಿಯದು. ಕೈಯನ್ನು ಜೋಲಿಯಲ್ಲಿ ಹಿಂದಕ್ಕೆ ಕಟ್ಟಿಕೊಂಡು ಕೆಲಸ ಮಾಡುವ ಏರ್ಪಾಡು ಆಯಿತು. ವಿದ್ಯುತ್ ಗರಗಸವನ್ನು ಥೆರಪಿಸ್ಟ್ ಸ್ಪಷ್ಟವಾಗಿ ಬೇಡವೆಂದರು, ಅದರಲ್ಲಿ ಚರ್ಚೆಗೆ ಎಡೆಯಿರಲಿಲ್ಲ.

ಕೆಲವು ತೆಳು ಹಲಗೆಗಳನ್ನು ಕೆತ್ತಿದ ಮೇಲೆ ಇವರು ತಾವಾಗಿ ನಿಲ್ಲಿಸಿದರು. ಅಪಾಯಕ್ಕೆ ಹೆದರಿ ಅಲ್ಲ. ಕೆತ್ತನೆಯಲ್ಲಿ ಅವರಿಗೆ ಇಷ್ಟವಾಗಿದ್ದದ್ದು ಗಟ್ಟಿ ಮರಕ್ಕೆ ಕೊಡತಿಯ ಏಟು ಬಿದ್ದಾಗ ಕೈಗೆ ಬರುವ ಅನುಭವ, ಅಂಗೈಯಿಂದ ತಳ್ಳುವುದರಲ್ಲಿ ಅದು ಇರಲಿಲ್ಲ. ಛಾಯಾಗ್ರಹಣದಲ್ಲಿ ಇಷ್ಟವಾದ ಭಾಗ ಕಣ್ಣಿನದು, ಕಾಯುವಿಕೆಯದು. ಕೈ ಅಲ್ಲಿ ನಡುವಿನ ಸಾಧನ ಮಾತ್ರ. ಕೆತ್ತನೆಯಲ್ಲಿ ಕೈಯೇ ಇಷ್ಟದ ವಸ್ತು. ಹಿಡಿಯುವುದನ್ನೂ ನಡೆಸುವುದನ್ನೂ ಬೇರ್ಪಡಿಸುವ ಸೂತ್ರ ಸಾಧನವಾಗಿರುವ ಕೈಗೆ ಒದಗುತ್ತದೆ, ಅನುಭವವೇ ಆಗಿರುವ ಕೈಗೆ ಒದಗುವುದಿಲ್ಲ. ಈ ವ್ಯತ್ಯಾಸವನ್ನು ಮೊದಲೇ ಕೇಳಿದ್ದರೆ ತಳ್ಳುಉಳಿಗಳಿಗೆ ಹಾಕಿದ ಶ್ರಮವನ್ನು ಉಳಿಸಬಹುದಿತ್ತೇ ಎಂಬ ಬಗ್ಗೆ ನನಗೆ ಅನುಮಾನವಿದೆ; ಮಾಡಿ ನೋಡದೆ ಅವರಿಗೂ ಅದು ತಿಳಿಯುತ್ತಿರಲಿಲ್ಲ. ಅವರು ನಿಲ್ಲಿಸಿದ್ದನ್ನು ಚಿಕಿತ್ಸೆಯ ಸೋಲೆಂದು ದಾಖಲಿಸದೆ, ಮರುಪರೀಕ್ಷೆಯಲ್ಲಿ ಕೆತ್ತನೆಯ ಮಹತ್ವಕ್ಕೆ ಅವರೇ ಕಡಿಮೆ ಅಂಕ ಕೊಟ್ಟದ್ದನ್ನು ಥೆರಪಿಸ್ಟ್ ಹಾಗೆಯೇ ಒಪ್ಪಿಕೊಂಡದ್ದು ಸರಿಯಾಗಿತ್ತು.

ಈಗಿನ ಸ್ಥಿತಿ

ಈಗ ಗಮನ ಬೇಕಾಗಿರುವುದು ಎಡಗೈಗೆ. ಬರೆಯುವುದು, ಊಟ, ವಾಹನದ ಬಾಗಿಲು, ಮೊಬೈಲು, ಅದರ ಮೇಲೆ ಹಿಡಿಕೋಲು ಎಲ್ಲವೂ ಒಂದೇ ಕೈಯ ಮೇಲೆ ಬಿದ್ದಾಗ ಮಣಿಕಟ್ಟಿನ ನರ ಒತ್ತಿಕೊಳ್ಳುವುದೂ ಸ್ನಾಯುರಜ್ಜುಗಳು ಊದಿಕೊಳ್ಳುವುದೂ ಅಪರೂಪವಲ್ಲ. ಇವರಿಗೆ ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡಿದೆ, ಅದಕ್ಕೆ ಕಾರಣ ಬಹುಮಟ್ಟಿಗೆ ರಿಮೋಟಿನ ಗುಂಡಿಯನ್ನು ಅರ್ಧ ಒತ್ತಿಹಿಡಿದು ಕಾಯುವುದೇ ಇರಬೇಕು. ಆ ಗುಂಡಿಗಿಂತ ಕಡಿಮೆ ಒತ್ತಡ ಸಾಕಾಗುವ ಸ್ವಿಚ್ಚನ್ನು ಹಿಡಿಕೋಲಿಗೆ ಜೋಡಿಸುವುದು, ಮರೆಗೂಡಿನಲ್ಲಿ ಕುಳಿತಾಗಲಾದರೂ ಫೋಕಸಿನ ಸಂಪರ್ಕವನ್ನು ಕಾಲಿನ ಪೆಡಲಿಗೆ ವರ್ಗಾಯಿಸಿ ಹೆಬ್ಬೆರಳಿಗೆ ಶಟರನ್ನಷ್ಟೇ ಉಳಿಸುವುದು ಎಂಬ ಎರಡು ದಾರಿಗಳು ಪರಿಶೀಲನೆಯಲ್ಲಿವೆ. ಲೆನ್ಸನ್ನೂ ಹಗುರ ಮಾಡುವ ಯೋಚನೆಯಿದೆ. ಸಂವೇದಕದ ಕರ್ಣ ಪೂರ್ಣ ಚೌಕಟ್ಟಿನ (35 ಮಿ.ಮೀ. ಫಿಲ್ಮಿನ ಅಳತೆಯ) ಸಂವೇದಕದ ಅರ್ಧದಷ್ಟಿರುವ ಕ್ಯಾಮೆರಾಗಳಲ್ಲಿ 300 ಮಿ.ಮೀ. ಲೆನ್ಸ್ 600 ಮಿ.ಮೀ. ಲೆನ್ಸಿನಷ್ಟೇ ದೃಶ್ಯಕೋನ ಕೊಡುವುದರಿಂದ ಹೊರುವ ತೂಕ ಗಣನೀಯವಾಗಿ ತಗ್ಗುತ್ತದೆ. ಮಸುಕು ಬೆಳಕಿನಲ್ಲಿ ಚಿತ್ರ ತುಸು ಒರಟಾಗುತ್ತದೆ ಎಂಬುದು ಅವರ ಆಕ್ಷೇಪ. ಹಳೆಯ ಲೆನ್ಸನ್ನು ಇನ್ನೂ ಮಾರಿಲ್ಲ, ಎರವಲು ತಂದ ಚಿಕ್ಕ ಕ್ಯಾಮೆರಾದೊಂದಿಗೆ ಅದೇ ಮಿಂಚುಳ್ಳಿಯ ಮುಂದೆ ಎರಡನ್ನೂ ಹೋಲಿಸಿ ನೋಡುತ್ತಿದ್ದಾರೆ.